ಕನ್ನಡಿ ಮುಂದೆ ಕೂತು ನಿಮ್ಮ ತಲೆ, ಕತ್ತನ್ನು ಬೆರಳಲ್ಲೇ ಓದುವುದು ಹೇಗೆ?

ನರ್ಸಿಂಗ್ ಮೊದಲ ವರ್ಷದ ಮಕ್ಕಳಿಗೆ ನಾನು ಶರೀರ ರಚನೆಯ ಪಾಠ ಮಾಡುತ್ತೇನೆ. ತಲೆ, ಕತ್ತಿನ ಚಿತ್ರ ಕೊಟ್ಟು ಭಾಗಗಳ ಹೆಸರು ಬರೆಯಿರಿ ಅಂದರೆ ಬಡಬಡ ಬರೆದುಬಿಡುತ್ತಾರೆ. "ಸರಿ, ಇದೇ ಭಾಗ ನಿನ್ನ ಕತ್ತಿನಲ್ಲಿ ಎಲ್ಲಿದೆ ತೋರಿಸಮ್ಮ" ಅಂದರೆ ಬೆರಳು ಗದ್ದದಿಂದ ಎದೆಯವರೆಗೆ ಅಲೆದಾಡುತ್ತದೆ. ಹೆಸರು ಗೊತ್ತು, ಜಾಗ ಗೊತ್ತಿಲ್ಲ. ಅದಕ್ಕೇ ಈಚೆಗೆ ಪಾಠವನ್ನು ತಿರುಗಿಸಿ ಹೇಳುತ್ತಿದ್ದೇನೆ. ಮೊದಲು ಮುಟ್ಟಿ ನೋಡುವುದು, ಆಮೇಲೆ ಹೆಸರು, ಚಿತ್ರ ಕೊನೆಗೆ. ಇಲ್ಲೂ ಅದೇ ಕ್ರಮ.

ಇದಕ್ಕೆ ಬೇಕಾದದ್ದು ಇಷ್ಟೇ: ಒಂದು ಕನ್ನಡಿ, ಮೊಬೈಲ್ ಟಾರ್ಚ್, ಒಂದು ಲೋಟ ನೀರು, ಚೂರು ಹುಣಸೆಹಣ್ಣು, ಮುಕ್ಕಾಲು ಗಂಟೆ ಬಿಡುವು. ಉಗುರು ಕತ್ತರಿಸಿಕೊಳ್ಳಿ. ಕೈ ತೊಳೆದುಕೊಳ್ಳಿ. ಕಾಲರ್ ಇಲ್ಲದ ಬಟ್ಟೆ ಹಾಕಿಕೊಂಡರೆ ಅನುಕೂಲ. ಬೆರಳ ತುದಿಯಿಂದ ಚುಚ್ಚಬೇಡಿ. ಬೆರಳಿನ ಮೆತ್ತನೆಯ ಭಾಗವನ್ನು ಚರ್ಮದ ಮೇಲಿಟ್ಟು ಚರ್ಮದ ಸಮೇತ ನಿಧಾನಕ್ಕೆ ಜರುಗಿಸಿ. ಹಿಟ್ಟು ನಾದುವ ಒತ್ತಡ ಬೇಡ, ಮಾವಿನಹಣ್ಣು ಹಣ್ಣಾಗಿದೆಯೇ ಎಂದು ನೋಡುವಷ್ಟು ಸಾಕು.

ಹೆಜ್ಜೆ 1: ತಲೆಬುರುಡೆಯ ಗುರುತುಗಳು

ತಲೆಬುರುಡೆ ಅಂದರೆ ಒಂದೇ ದೊಡ್ಡ ಮೂಳೆ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅದರಲ್ಲಿ 22 ಮೂಳೆಗಳಿವೆ. ಮಿದುಳನ್ನು ಸುತ್ತುವರಿದವು 8, ಮುಖದವು 14. ಇವುಗಳಲ್ಲಿ ಅಲ್ಲಾಡುವುದು ಕೆಳದವಡೆ ಒಂದೇ. ಉಳಿದವು ಹಲ್ಲುಹಲ್ಲಾದ ಅಂಚುಗಳಿಂದ ಒಂದಕ್ಕೊಂದು ಬಿಗಿದುಕೊಂಡಿವೆ.

ಅಂಗೈಯನ್ನು ನೆತ್ತಿಯ ಮೇಲಿಟ್ಟು ಚರ್ಮವನ್ನು ಹಿಂದೆ ಮುಂದೆ ಜರುಗಿಸಿ. ಸಲೀಸಾಗಿ ಜಾರುತ್ತದೆ ಅಲ್ವಾ? ಚರ್ಮ, ಅದರ ಕೆಳಗಿನ ಗಟ್ಟಿ ಪದರ, ಅದರ ಕೆಳಗಿನ ಚಪ್ಪಟೆ ಪೊರೆ ಮೂರೂ ಒಟ್ಟಿಗೆ ಒಂದು ಸಡಿಲ ಪದರದ ಮೇಲೆ ಜಾರುತ್ತವೆ. ಆ ಗಟ್ಟಿ ಪದರದಲ್ಲಿ ರಕ್ತನಾಳಗಳ ಗೋಡೆ ಅಂಟಿಕೊಂಡಿರುತ್ತದೆ. ಹಾಗಾಗಿ ಕುಯ್ದರೂ ಅವು ಬೇಗ ಮುದುಡುವುದಿಲ್ಲ. ಸಣ್ಣ ಗಾಯವಾದರೂ ತಲೆಯಿಂದ ಅಷ್ಟೊಂದು ರಕ್ತ ಸುರಿಯುವುದು ಇದೇ ಕಾರಣಕ್ಕೆ. ಗಾಬರಿಯಾಗದೆ ಶುಭ್ರ ಬಟ್ಟೆ ಇಟ್ಟು ಒತ್ತಿಹಿಡಿಯಬೇಕು. ಹಣೆಗೆ ಪೆಟ್ಟು ಬಿದ್ದ ಮರುದಿನ ಕಣ್ಣಿನ ಸುತ್ತ ಕಪ್ಪಾಗುವುದೂ ಈ ಸಡಿಲ ಪದರದಿಂದಲೇ. ಒಳಗೆ ಸೋರಿದ ರಕ್ತ ಅದರೊಳಗೇ ಜಾರಿ ರೆಪ್ಪೆಗೆ ಇಳಿಯುತ್ತದೆ.

ಮನೆಯಲ್ಲಿ ಎಳೆಗೂಸಿದ್ದರೆ ಅದರ ನೆತ್ತಿಯನ್ನು ಮೆತ್ತಗೆ ಮುಟ್ಟಿ ನೋಡಿ. ಮುಂಭಾಗದಲ್ಲಿ ಚೌಕಾಕಾರದ ಮೆತ್ತನೆ ಜಾಗವೊಂದು ಸಿಗುತ್ತದೆ, ಅಲ್ಲಿ ನಾಡಿ ಮಿಡಿಯುವುದೂ ಗೊತ್ತಾಗುತ್ತದೆ. ಅಲ್ಲಿ ಮೂಳೆಗಳು ಇನ್ನೂ ಕೂಡಿಲ್ಲ. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಅದು ಮುಚ್ಚಿಕೊಳ್ಳುತ್ತದೆ. ವಾಂತಿ, ಭೇದಿ ಆದ ಮಗುವಿನ ನೆತ್ತಿ ಗುಳಿಬಿದ್ದರೆ ಮೈಯಲ್ಲಿ ನೀರು ಕಮ್ಮಿಯಾಗಿದೆ ಎಂದರ್ಥ. ಅಳದೆ ಸುಮ್ನೆ ಇದ್ದಾಗಲೂ ಉಬ್ಬಿಕೊಂಡಿದ್ದರೆ ಆಸ್ಪತ್ರೆಗೆ ಹೋಗಬೇಕು. ಅಜ್ಜಿಯರು ಅಲ್ಲಿ ಹರಳೆಣ್ಣೆ ಒತ್ತುತ್ತಾರೆ. ಮೆತ್ತಗೆ ಹಚ್ಚಿದರೆ ತೊಂದರೆ ಇಲ್ಲ, ಆದರೆ ಎಣ್ಣೆ ಮಿದುಳಿಗೇನೂ ಇಳಿಯುವುದಿಲ್ಲ.

ಈಗ ಹಿಂದಲೆಗೆ ಬನ್ನಿ. ನಡುಗೆರೆಯಲ್ಲಿ ಬೆರಳನ್ನು ಕೆಳಗೆ ಜಾರಿಸುತ್ತಾ ಹೋದರೆ ಒಂದು ಉಬ್ಬು ಸಿಗುತ್ತದೆ. ಕೆಲವರಿಗೆ ಬಟಾಣಿಯಷ್ಟು, ಕೆಲವರಿಗೆ ಇದೆಯೋ ಇಲ್ಲವೋ ಅನ್ನುವಷ್ಟು. "ಇಲ್ಲೇನೋ ಗಂಟು ಬಂದಿದೆ" ಎಂದು ಹೆದರಿ ಬರುವವರಿದ್ದಾರೆ. ಅದು ಮೂಳೆ, ಹೊಸದಾಗಿ ಬಂದ ಗಂಟಲ್ಲ. ತಲೆಬುರುಡೆ ಮುಗಿದು ಕತ್ತು ಶುರುವಾಗುವ ಗಡಿಕಲ್ಲು ಅಂದುಕೊಳ್ಳಿ.

ಅಲ್ಲಿಂದ ಅಡ್ಡಕ್ಕೆ ಕಿವಿಯ ಕಡೆ ಬನ್ನಿ. ಕಿವಿಯ ಹಾಲೆಯ ಹಿಂದೆ, ಕೆಳಕ್ಕೆ ಇಳಿಬಿದ್ದ ಗಟ್ಟಿ ಮೂಳೆ ಸಿಗುತ್ತದೆ. ಇದು ಮಾಸ್ಟಾಯಿಡ್. ಒಳಗೆ ಜೇನುಗೂಡಿನ ಹಾಗೆ ಗಾಳಿಯ ಗೂಡುಗಳಿವೆ, ಅವು ನಡುಗಿವಿಗೆ ಸೇರಿಕೊಂಡಿವೆ. ಕಿವಿ ಸೋರುವುದನ್ನು ಅಸಡ್ಡೆ ಮಾಡಿದರೆ ಸೋಂಕು ಇಲ್ಲಿಗೂ ಹರಡಬಹುದು. ಕಿವಿನೋವಿನ ಜೊತೆ ಇಲ್ಲಿ ಊತ, ಮುಟ್ಟಿದರೆ ನೋವು ಇದ್ದರೆ ಅಂದೇ ವೈದ್ಯರಿಗೆ ತೋರಿಸಿ. ಈ ಮೂಳೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಇಲ್ಲಿಗೇ ಬರುತ್ತೇವೆ.

ಹೆಜ್ಜೆ 2: ಕಣತಲೆ

ಕಿವಿಯ ತೂತಿನ ಮುಂದೆ ಬೆರಳಿಟ್ಟು ಕೆನ್ನೆಯ ಕಡೆ ಎಳೆಯಿರಿ. ಸೇತುವೆಯಂಥ ಮೂಳೆ ಸಿಗುತ್ತದೆ. ಇದನ್ನು ಕೆನ್ನೆಯ ಕಮಾನು ಎನ್ನೋಣ. ಕಮಾನಿನ ಬುಡದಲ್ಲಿ, ಕಿವಿಗೆ ತಾಗಿದಂತೆ ಸ್ವಲ್ಪ ಮೇಲೆ ಬೆರಳಿಟ್ಟು ಕಾಯಿರಿ. ನಾಡಿ ಸಿಗುತ್ತದೆ. ತಲೆನೋವಲ್ಲಿ ಟಪ್ ಟಪ್ ಎಂದು ಬಡಿದಂತೆ ಅನಿಸುವ ರಕ್ತನಾಳ ಅದೇ.

ಈಗ ಕಮಾನಿನಿಂದ ಎರಡು ಬೆರಳಗಲ ಮೇಲೆ, ಕಣ್ಣಿನ ಹೊರ ಅಂಚಿನ ಮೂಳೆಯಿಂದ ಒಂದು ಹೆಬ್ಬೆರಳಗಲ ಹಿಂದೆ ಬೆರಳಿಡಿ. ಇಡೀ ತಲೆಬುರುಡೆಯಲ್ಲಿ ನಾನು ಅತಿ ಹೆಚ್ಚು ಹೊತ್ತು ಪಾಠ ಮಾಡುವ ಜಾಗ ಇದು. ನಾಲ್ಕು ಮೂಳೆಗಳು ಇಲ್ಲಿ ಕೂಡುತ್ತವೆ, ಮತ್ತು ಮೂಳೆ ಇಲ್ಲಿ ತುಂಬಾ ತೆಳು. ಅದರ ಒಳಮೈಗೆ ಅಂಟಿಕೊಂಡು ಮಿದುಳಿನ ಹೊದಿಕೆಗೆ ರಕ್ತ ಕೊಡುವ ನಾಳವೊಂದು ಹೋಗುತ್ತದೆ. ಇಲ್ಲಿಗೆ ಪೆಟ್ಟು ಬಿದ್ದು ಮೂಳೆ ಬಿರಿದರೆ ಆ ನಾಳ ಹರಿಯಬಹುದು. ಬಿದ್ದವರು ಎದ್ದು ಕೂತು "ಏನೂ ಆಗಿಲ್ಲ ಬಿಡಿ" ಎನ್ನುತ್ತಾರೆ, ಮಾತಾಡುತ್ತಾರೆ, ಕಾಫಿಯನ್ನೂ ಕುಡಿಯುತ್ತಾರೆ. ಒಳಗೆ ರಕ್ತ ತುಂಬುತ್ತಾ ಮಿದುಳನ್ನು ಒತ್ತುತ್ತದೆ. ಕೆಲವು ಗಂಟೆಗಳಲ್ಲಿ ಮಂಪರು, ವಾಂತಿ, ಆಮೇಲೆ ಪ್ರಜ್ಞೆ ತಪ್ಪುವುದು. ತಲೆಗೆ ಪೆಟ್ಟಾದವರನ್ನು ಚೆನ್ನಾಗಿದ್ದಾರೆ ಎಂದು ಒಬ್ಬರನ್ನೇ ಮಲಗಲು ಬಿಡಬಾರದು ಅನ್ನುವುದು ಇದಕ್ಕೇ.

ಟ್ರಾಫಿಕ್ ಪೊಲೀಸರ ಕಣ್ಣಿಗೆ ಮಣ್ಣೆರಚಲು ಹಾಕುವ ಟೋಪಿಯಂಥ ಅರ್ಧ ಹೆಲ್ಮೆಟ್ ಇದೆಯಲ್ಲ, ಅದನ್ನು ತಲೆಗಿಟ್ಟು ಈಗ ಬೆರಳಿಟ್ಟ ಜಾಗ ಮುಚ್ಚುತ್ತದೆಯೇ ನೋಡಿ. ಬಹಳಷ್ಟು ಸಲ ಮುಚ್ಚುವುದಿಲ್ಲ.

ಹೆಜ್ಜೆ 3: ದವಡೆ, ಮುಖ

ಎರಡೂ ಕಣತಲೆಯ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿ. ಬೀಸಣಿಗೆಯಂತೆ ಹರಡಿದ ಸ್ನಾಯು ಉಬ್ಬುತ್ತದೆ. ಬೆರಳನ್ನು ದವಡೆಯ ಮೂಲೆಗೆ ತಂದು ಮತ್ತೆ ಕಚ್ಚಿ. ಅಲ್ಲೊಂದು ದಪ್ಪ ಸ್ನಾಯು ಗಂಟಿನಂತೆ ಏಳುತ್ತದೆ. ಚಕ್ಕುಲಿ ಅಗಿಯುವ ಕೆಲಸವೆಲ್ಲ ಮುಖ್ಯವಾಗಿ ಈ ಎರಡರದ್ದು. ರಾತ್ರಿ ಹಲ್ಲು ಕಡಿಯುವವರಿಗೆ ಬೆಳಿಗ್ಗೆ ಕಣತಲೆ ನೋಯುವುದೇಕೆ ಎಂದು ಈಗ ಅರ್ಥವಾಗಿರಬೇಕು.

ಕಿವಿತೂತಿನ ಮುಂದೆ ಬೆರಳಿಟ್ಟು ಬಾಯಿ ನಿಧಾನಕ್ಕೆ ತೆರೆಯಿರಿ. ಗುಂಡನೆಯ ಮೂಳೆ ಮೊದಲು ಅಲ್ಲೇ ತಿರುಗುತ್ತದೆ, ಬಾಯಿ ಪೂರ್ತಿ ತೆರೆಯುವಾಗ ಮುಂದಕ್ಕೆ ಜಾರುತ್ತದೆ. ಆಗ ಬೆರಳ ಕೆಳಗೆ ಗುಳಿಯಾಗುತ್ತದೆ. ಬಾಗಿಲ ಕೀಲಿನ ಹಾಗೆ ಬರೀ ತಿರುಗುವ ಕೀಲು ಇದಲ್ಲ, ಡ್ರಾಯರ್ ಹಾಗೆ ಜಾರುತ್ತದೆ ಕೂಡ. ನೋವಿಲ್ಲದೆ ಟಿಕ್ ಎಂದು ಸದ್ದಾಗುವುದು ತುಂಬಾ ಜನರಿಗೆ ಇದೆ, ತಲೆಕೆಡಿಸಿಕೊಳ್ಳಬೇಡಿ.

ಇನ್ನು ನರಗಳು. ಹುಬ್ಬಿನ ಕೆಳಗೆ ಕಣ್ಣುಗೂಡಿನ ಮೇಲಂಚಿದೆ. ಮೂಗಿನ ಕಡೆಯಿಂದ ಅದರ ಮೇಲೆ ಬೆರಳೆಳೆದರೆ ಸುಮಾರು ಮೂರನೇ ಒಂದು ಭಾಗದಲ್ಲಿ ಸಣ್ಣ ಕಚ್ಚು ಸಿಗುತ್ತದೆ. ಒತ್ತಿದರೆ ಚುಳ್ಳೆನ್ನುತ್ತದೆ. ಅದರ ನೇರ ಕೆಳಗೆ, ಕಣ್ಣುಗೂಡಿನ ಕೆಳಅಂಚಿಗಿಂತ ಒಂದು ಸೆಂಟಿಮೀಟರ್‌ನಷ್ಟು ಕೆಳಗೆ ಇನ್ನೊಂದು ಅಂಥದ್ದೇ ಜಾಗವಿದೆ. ಅದೇ ಗೆರೆಯಲ್ಲಿ ಕೆಳದವಡೆಯ ಮೇಲೆ ಮೂರನೆಯದು. ಮಿದುಳಿನಿಂದ ಹೊರಡುವ 12 ಜೊತೆ ನರಗಳಲ್ಲಿ ಐದನೆಯದರ ಮೂರು ಕವಲುಗಳು ಈ ಮೂರು ಕಿಂಡಿಗಳಿಂದ ಮುಖಕ್ಕೆ ಬರುತ್ತವೆ. ಮುಖ ಮುಟ್ಟಿದ್ದು ಗೊತ್ತಾಗುವುದು ಇವುಗಳಿಂದ. ಹಲ್ಲಿನ ಡಾಕ್ಟರು ಒಳಗೆ ಸೂಜಿ ಕೊಟ್ಟರೆ ಹೊರಗೆ ತುಟಿಯೂ ಜೋಮು ಹಿಡಿಯುವುದೇಕೆ? ಹಲ್ಲಿನ ನರವೂ ತುಟಿಯ ನರವೂ ಒಂದೇ ಕವಲಿನವು.

ಮುಖ ಆಡಿಸುವ ನರ ಬೇರೆ, ಅದು ಏಳನೆಯದು. ಕನ್ನಡಿ ನೋಡಿ ಹುಬ್ಬೇರಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಕೆನ್ನೆ ಉಬ್ಬಿಸಿ, ಹಲ್ಲು ಕಿರಿಯಿರಿ. ಎರಡೂ ಕಡೆ ಒಂದೇ ಥರ ಆಗಬೇಕು. ಈ ನರಕ್ಕೇ ಪೆಟ್ಟಾದರೆ ಆ ಕಡೆಯ ಹಣೆಯಿಂದ ಬಾಯಿಯವರೆಗೆ ಪೂರ್ತಿ ಜೋಲುಬೀಳುತ್ತದೆ. ಮಿದುಳಿನ ಪಾರ್ಶ್ವವಾಯುವಿನಲ್ಲಿ ಹೆಚ್ಚಾಗಿ ಬಾಯಿ ಸೊಟ್ಟಗಾದರೂ ಹಣೆಯಲ್ಲಿ ಗೆರೆ ಮೂಡುತ್ತದೆ, ಏಕೆಂದರೆ ಹಣೆಗೆ ಮಿದುಳಿನ ಎರಡೂ ಕಡೆಯಿಂದ ಅಪ್ಪಣೆ ಬರುತ್ತದೆ. ಇದು ತಿಳಿದಿರಲಿ ಎಂದು ಹೇಳಿದೆ ಅಷ್ಟೇ. ಬಾಯಿ ಇದ್ದಕ್ಕಿದ್ದಂತೆ ಸೊಟ್ಟಗಾದರೆ ಮನೆಯಲ್ಲಿ ಕೂತು ಯಾವುದೆಂದು ಲೆಕ್ಕ ಹಾಕಬೇಡಿ, ಸೀದಾ ಆಸ್ಪತ್ರೆಗೆ ಹೊರಡಿ.

ಮೂಗಿನ ಬಗ್ಗೆ ಒಂದೇ ಮಾತು. ಮೂಗಿನಿಂದ ರಕ್ತ ಬರುವುದು ಸಾಮಾನ್ಯವಾಗಿ ಮುಂಭಾಗದ ನಡುಗೋಡೆಯಿಂದ, ಕಿರುಬೆರಳು ತಲುಪುವ ಜಾಗದಿಂದ. ಹಾಗಿರುವಾಗ ತಲೆ ಹಿಂದಕ್ಕೆ ಬಾಗಿಸಿದರೆ ರಕ್ತ ಗಂಟಲಿಗೆ ಇಳಿಯುತ್ತದೆ, ಅಷ್ಟೇ ಲಾಭ! ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆ ಭಾಗವನ್ನು 10ರಿಂದ 15 ನಿಮಿಷ ಬಿಡದೆ ಹಿಸುಕಿ ಹಿಡಿಯಿರಿ.

ಹೆಜ್ಜೆ 4: ಬಾಯಿಯ ಒಳಗೆ

ನಾಲಿಗೆ ಮೇಲಕ್ಕೆತ್ತಿ ಅಂಗುಳಕ್ಕೆ ಮುಟ್ಟಿಸಿ, ಟಾರ್ಚ್ ಹಾಕಿ. ನಾಲಿಗೆಯ ಕೆಳಗೆ ನಡುವಿನ ದಾರದ ಎರಡೂ ಪಕ್ಕ ಸಣ್ಣ ಉಬ್ಬುಗಳಿವೆ. ಈಗ ಹುಣಸೆಹಣ್ಣಿನ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ. ಅಲ್ಲಿಂದ ಜೊಲ್ಲು ಒಸರುತ್ತದೆ, ಕೆಲವರಿಗೆ ಚಿಮ್ಮುವುದೂ ಉಂಟು. ದವಡೆಯ ಕೆಳಗಿನ ಗ್ರಂಥಿಯ ಬಾಗಿಲು ಅದು. ಕೆನ್ನೆಯ ಒಳಗೆ, ಮೇಲಿನ ಎರಡನೇ ದವಡೆಹಲ್ಲಿನ ಎದುರು ಇನ್ನೊಂದು ಉಬ್ಬಿದೆ. ಕಿವಿಯ ಮುಂದಿರುವ ದೊಡ್ಡ ಜೊಲ್ಲುಗ್ರಂಥಿ ಅಲ್ಲಿ ತೆರೆದುಕೊಳ್ಳುತ್ತದೆ. ಮಂಗನಬಾವಿನಲ್ಲಿ ಊದುವುದು ಈ ಗ್ರಂಥಿ. ಅದಕ್ಕೇ ಕಿವಿಯ ಹಾಲೆ ಮೇಲಕ್ಕೆ ಎದ್ದಂತೆ ಕಾಣುವುದು, ಹುಳಿ ತಿಂದರೆ ನೋವು ಜಾಸ್ತಿಯಾಗುವುದು.

"ಆ" ಎನ್ನಿ. ಕಿರುನಾಲಿಗೆ ನೇರ ಮೇಲೇಳಬೇಕು, ಪಕ್ಕಕ್ಕೆ ಎಳೆಯಬಾರದು. ಅದರ ಇಕ್ಕೆಲದ ಗೂಡುಗಳಲ್ಲಿ ಟಾನ್ಸಿಲ್. ದೊಡ್ಡವರಲ್ಲಿ ಕುಗ್ಗಿರುವುದರಿಂದ ಕಾಣದೆಯೂ ಇರಬಹುದು. ಮೂಗಿನ ಹಿಂಭಾಗದಲ್ಲಿ, ಇಲ್ಲಿಂದ ಕಾಣದ ಕಡೆ, ನಡುಗಿವಿಗೆ ಹೋಗುವ ಕೊಳವೆಯ ಬಾಯಿದೆ. ಆಗುಂಬೆ ಘಾಟಿ ಇಳಿಯುವಾಗ ಕಿವಿ ಕಟ್ಟಿ, ಎಂಜಲು ನುಂಗಿದ ಕೂಡಲೇ ಪಟ್ ಎಂದು ತೆರೆಯುತ್ತದಲ್ಲ, ಆ ಕೊಳವೆಯೇ ತೆರೆದುಕೊಂಡದ್ದು.

ಇನ್ನೊಂದು ಪರೀಕ್ಷೆ. ನಿಮ್ಮದೇ ಕೈಯ ನಡುವಿನ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ನಡುವೆ ಲಂಬವಾಗಿ ತೂರಿಸಿ. ಹೋಗಬೇಕು. ಅಡಿಕೆ, ಗುಟ್ಕಾ ಜಗಿಯುವವರಿಗೆ ವರ್ಷಗಳು ಕಳೆದಂತೆ ಎರಡೇ ಬೆರಳು, ಆಮೇಲೆ ಒಂದೇ ಬೆರಳು ಹೋಗುವ ಸ್ಥಿತಿ ಬರಬಹುದು. ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುವ ಕಾಯಿಲೆ ಅದು, ಕ್ಯಾನ್ಸರಿಗೆ ದಾರಿ ಮಾಡಬಲ್ಲದು. ಅಡಿಕೆ ತೋಟದ ಮನೆಯಲ್ಲಿ ಬೆಳೆದವನಿಗೆ ಇದನ್ನು ಬರೆಯುವುದು ಕಷ್ಟ. ಆದರೂ ಬರೆಯಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಹೆಜ್ಜೆ 5: ಗಂಟಲಿನ ಮೆಟ್ಟಿಲುಗಳು

ಇದೇ ನನ್ನ ಮೆಚ್ಚಿನ ಭಾಗ. ಗದ್ದವನ್ನು ಸ್ವಲ್ಪ ಮೇಲೆತ್ತಿ. ನಡುಗೆರೆಯಲ್ಲಿ ಗದ್ದದ ತುದಿಯಿಂದ ಕೆಳಗೆ ಒಂದೊಂದೇ ಮೆಟ್ಟಿಲು ಇಳಿಯೋಣ.

ಗದ್ದದ ಅಡಿ ಮುಗಿದು ಕತ್ತು ಕೆಳಗೆ ತಿರುಗುವ ಮೂಲೆಯಲ್ಲಿ ಹೆಬ್ಬೆರಳು, ತೋರುಬೆರಳನ್ನು ಚಿಮುಟದ ಹಾಗಿಟ್ಟು ಮೆತ್ತಗೆ ಪಕ್ಕಕ್ಕೆ ಅಲ್ಲಾಡಿಸಿ. ಕುದುರೆ ಲಾಳದ ಆಕಾರದ ಸಣ್ಣ ಮೂಳೆ ಅತ್ತಿತ್ತ ಸರಿಯುತ್ತದೆ. ಹೆಸರು ಹಯಾಯ್ಡ್. ಬೇರೆ ಯಾವ ಮೂಳೆಗೂ ಕೀಲು ಕೂಡದೆ, ಸ್ನಾಯು ಮತ್ತು ನಾರುಗಳಲ್ಲಿ ಉಯ್ಯಾಲೆಯಂತೆ ತೂಗುವ ಮೂಳೆ. ನಾಲಿಗೆಯ ಬುಡಕ್ಕೆ ಆಧಾರ ಇದು.

ಅದರ ಕೆಳಗೆ ಕಂಠಮಣಿ. ಮೇಲಂಚಿನ ನಡುವಿನ ಕಚ್ಚು ಬೆರಳಿಗೆ ಚೆನ್ನಾಗಿ ಸಿಗುತ್ತದೆ. ಇದು ಮೂಳೆಯಲ್ಲ, ಮೆದುಮೂಳೆ. ತೆರೆದಿಟ್ಟ ಪುಸ್ತಕದ ಬೆನ್ನಿನ ಹಾಗೆ ಎರಡು ಹಾಳೆಗಳು ಮುಂದೆ ಕೂಡಿವೆ. ಗಂಡಸರಲ್ಲಿ ಆ ಕೋನ ಸುಮಾರು 90 ಡಿಗ್ರಿ, ಹೆಂಗಸರಲ್ಲಿ ಸುಮಾರು 120. ಅದಕ್ಕೇ ಗಂಡಸರದು ಚೂಪಾಗಿ ಎದ್ದು ಕಾಣುತ್ತದೆ. ಹೆಂಗಸರಿಗೆ ಕಂಠಮಣಿ ಇಲ್ಲ ಅನ್ನುವುದು ತಪ್ಪು.

ಇನ್ನೂ ಕೆಳಗೆ ಜಾರಿದರೆ ಬೆರಳ ತುದಿ ಕೂರುವಷ್ಟು ಒಂದು ತಗ್ಗು, ಅದರ ಕೆಳಗೆ ಗಟ್ಟಿ ಬಳೆ. ಬಳೆಯ ಹೆಸರು ಕ್ರೈಕಾಯ್ಡ್. ಉಸಿರಿನ ದಾರಿಯಲ್ಲಿ ಸುತ್ತಲೂ ಪೂರ್ತಿ ಮುಚ್ಚಿದ ಬಳೆ ಇದೊಂದೇ. ಮೇಲಿನ ದಾರಿ ಪೂರ್ತಿ ಕಟ್ಟಿ ಬೇರೆ ಉಪಾಯವೇ ಇಲ್ಲದಾಗ, ತರಬೇತಿ ಇರುವ ವೈದ್ಯರು ಆ ತಗ್ಗಿನಲ್ಲೇ ತೂತು ಮಾಡಿ ಉಸಿರು ಕೊಡುತ್ತಾರೆ. ಸಿನಿಮಾ ನೋಡಿ ಯಾರೂ ಪೆನ್ನು ಹಿಡಿದು ಹೊರಡಬೇಡಿ.

ಆ ತಗ್ಗಿನಲ್ಲಿ ಬೆರಳಿಟ್ಟುಕೊಂಡೇ ಒಂದು ಆಟ ಆಡಿ. ತಗ್ಗಿದ ದನಿಯಲ್ಲಿ "ಸ" ಹಿಡಿದು, ನಿಧಾನಕ್ಕೆ ಏರುತ್ತಾ ಮೇಲಿನ "ಸ" ತಲುಪಿ. ತಗ್ಗು ಕಿರಿದಾಗುತ್ತಾ ಹೋಗುತ್ತದೆ. ಕಂಠಮಣಿ ಮತ್ತು ಬಳೆ ಹತ್ತಿರ ಬಂದಾಗ ಒಳಗಿನ ಧ್ವನಿತಂತುಗಳು ವೀಣೆಯ ತಂತಿಯಂತೆ ಬಿಗಿಯುತ್ತವೆ, ಶ್ರುತಿ ಏರುತ್ತದೆ. ಸಂಗೀತ ಕಲಿಯುವ ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಿ, ಖುಷಿಪಡುತ್ತಾರೆ.

ಬಳೆಯ ಕೆಳಗೆ ಶ್ವಾಸನಾಳದ ಉಂಗುರಗಳು, ಎದೆಯ ಮೇಲಿನ ಗುಳಿಯವರೆಗೆ. ಇವು ಹಿಂದೆ ತೆರೆದಿರುವ ಅರ್ಧ ಬಳೆಗಳು. ಹಿಂದೆಯೇ ಅನ್ನನಾಳ ಇದೆ, ತುತ್ತು ಇಳಿಯುವಾಗ ಅದಕ್ಕೆ ಹಿಗ್ಗಲು ಜಾಗ ಬೇಕಲ್ಲ. ಎರಡನೆಯಿಂದ ನಾಲ್ಕನೆಯ ಉಂಗುರದ ಮುಂದೆ ಚಿಟ್ಟೆಯಂತೆ ರೆಕ್ಕೆ ಹರಡಿ ಕೂತಿರುವುದು ಥೈರಾಯ್ಡ್. ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ ಕಣ್ಣಿಗೆ ಕಾಣುವುದಿಲ್ಲ. ಕನ್ನಡಿ ನೋಡುತ್ತಾ, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ ಒಂದು ಗುಟುಕು ನೀರು ನುಂಗಿ. ನುಂಗುವಾಗ ಮೇಲೇರಿ ಇಳಿಯುವ ಊತ ಕಂಡರೆ ಅದು ಥೈರಾಯ್ಡಿನದೇ ಇರಬೇಕು, ತೋರಿಸಿಕೊಳ್ಳಿ. ಗಳಗಂಡಕ್ಕೆ ಒಂದು ದೊಡ್ಡ ಕಾರಣ ಅಯೋಡಿನ್ ಕೊರತೆ. ನಮ್ಮ ದೇಶದಲ್ಲಿ ಅದರ ವಿರುದ್ಧ ಕಾರ್ಯಕ್ರಮ ಶುರುವಾದದ್ದು 1962ರಲ್ಲಿ. ಉಪ್ಪಿನ ಪ್ಯಾಕೆಟ್ ಮೇಲೆ ಅಯೋಡಿನ್ ಎಂದು ಇಂದು ಕಾಣುವುದರ ಹಿಂದಿನ ಕಥೆ ಅದು.

ನೀರು ನುಂಗಿದಾಗ ಕಂಠಮಣಿ ಮೇಲೆ ಹಾರಿದ್ದನ್ನು ಗಮನಿಸಿದಿರಾ? ಉಸಿರಿನ ದಾರಿ ಮುಚ್ಚಿಕೊಳ್ಳುವ ಕ್ರಮ ಅದು. ಕಂಠಮಣಿಯ ಸಮೇತ ಧ್ವನಿಪೆಟ್ಟಿಗೆ ಮೇಲೇರಿ ನಾಲಿಗೆಯ ಬುಡದಡಿ ಸೇರುತ್ತದೆ, ಎಪಿಗ್ಲಾಟಿಸ್ ಎಂಬ ಎಲೆಯಂಥ ಮುಚ್ಚಳ ಅದರ ಮೇಲೆ ಬಾಗುತ್ತದೆ. ಊಟದ ನಡುವೆ ನಗುತ್ತಾ ಮಾತಾಡಿದರೆ ಈ ಲಯ ತಪ್ಪುತ್ತದೆ. ಆಗ ನಾವು "ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು" ಎಂದು ತಲೆ ತಟ್ಟುತ್ತೇವೆ. ಅನ್ನ ನೆತ್ತಿಗೆ ಹೋಗಲು ದಾರಿಯೇ ಇಲ್ಲ! ಹೋಗುವುದು ಒಂದೋ ಧ್ವನಿಪೆಟ್ಟಿಗೆಯ ಕಡೆ, ಇಲ್ಲವೇ ಕಿರುನಾಲಿಗೆಯ ಹಿಂದಿನಿಂದ ಮೂಗಿನ ಕಡೆ. ಸಾರಿನ ಖಾರ ಮೂಗಿನ ಮೇಲ್ಗಡೆ ಉರಿದಾಗ ನೆತ್ತಿಗೇ ಹತ್ತಿದ ಹಾಗೆ ಅನಿಸುತ್ತದೆ, ಮಾತು ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಮಾತೂ ಇಲ್ಲ, ಕೆಮ್ಮೂ ಇಲ್ಲ ಅಂದರೆ ತಲೆ ತಟ್ಟುತ್ತಾ ಕೂರಬೇಡಿ. ಮುಂದಕ್ಕೆ ಬಾಗಿಸಿ, ಎರಡು ಭುಜದೆಲುಬುಗಳ ನಡುವೆ ಅಂಗೈ ಬುಡದಿಂದ ಐದು ಸಲ ಜೋರಾಗಿ ಗುದ್ದಿ.

ಹೆಜ್ಜೆ 6: ಕತ್ತಿನ ಪಕ್ಕ

ತಲೆಯನ್ನು ಎಡಕ್ಕೆ ತಿರುಗಿಸಿ. ಬಲಗಡೆ ಹಗ್ಗದಂಥ ಸ್ನಾಯು ಎದ್ದು ನಿಲ್ಲುತ್ತದೆ. ಕೆಳಗೆ ಎದೆಮೂಳೆ, ಕೊರಳೆಲುಬಿನಿಂದ ಹೊರಟು ಮೇಲೆ ಆಗ ನೆನಪಿಡಿ ಅಂದ ಮಾಸ್ಟಾಯಿಡ್ ಮೂಳೆಗೆ ಅಂಟಿಕೊಳ್ಳುತ್ತದೆ. ಬಲಗಡೆಯ ಸ್ನಾಯು ಮುಖವನ್ನು ಎಡಕ್ಕೆ ತಿರುಗಿಸುತ್ತದೆ, ಮಕ್ಕಳು ಪರೀಕ್ಷೆಯಲ್ಲಿ ತಪ್ಪುವುದು ಇಲ್ಲೇ. ಈ ಹಗ್ಗ ಕತ್ತಿನ ಪಕ್ಕವನ್ನು ಮುಂದೆ, ಹಿಂದೆ ಎಂದು ಎರಡು ತ್ರಿಕೋನಗಳಾಗಿ ಸೀಳುತ್ತದೆ. ಹಾಡುವವರು ದನಿ ಎಳೆದಾಗ ಅದರ ಮೇಲೆ ಅಡ್ಡಕ್ಕೆ ಉಬ್ಬಿ ಕಾಣುವುದು ಚರ್ಮದಡಿಯ ಒಂದು ರಕ್ತನಾಳ.

ತಲೆ ನೇರ ಮಾಡಿ. ಕಂಠಮಣಿಯ ಪಕ್ಕದಿಂದ ಎರಡು ಬೆರಳನ್ನು ಆ ಹಗ್ಗದ ಮುಂದಿನ ತೋಡಿಗೆ ಜಾರಿಸಿ. ಬಲವಾದ ನಾಡಿ ಸಿಗುತ್ತದೆ. ಮಿದುಳಿಗೆ ರಕ್ತ ಒಯ್ಯುವ ಹೆದ್ದಾರಿ ಅದು. ಒಂದು ಸಲಕ್ಕೆ ಒಂದೇ ಕಡೆ, ಮೆತ್ತಗೆ ಮುಟ್ಟಿ. ಕಂಠಮಣಿಯ ಮೇಲಂಚಿನ ಮಟ್ಟದಲ್ಲಿ ಈ ನಾಳ ಎರಡಾಗಿ ಕವಲೊಡೆಯುತ್ತದೆ, ಅಲ್ಲಿ ದೇಹ ತಾನೇ ರಕ್ತದೊತ್ತಡ ಅಳೆದುಕೊಳ್ಳುವ ಜಾಗವಿದೆ. ಉಜ್ಜಿದರೆ, ಒತ್ತಿದರೆ ಹೃದಯದ ಬಡಿತ ನಿಧಾನವಾಗಿ ತಲೆ ಸುತ್ತಬಹುದು. ವಯಸ್ಸಾದವರ ಮೇಲೆ ಈ ಹೆಜ್ಜೆ ಬೇಡವೇ ಬೇಡ.

ಈಗ ದವಡೆಯ ಅಂಚು, ಕಿವಿಯ ಮುಂದೆ ಹಿಂದೆ, ಹಗ್ಗದ ಉದ್ದಕ್ಕೆ, ಕೊರಳೆಲುಬಿನ ಮೇಲಿನ ಗುಳಿ, ಹೀಗೆ ಬೆರಳನ್ನು ಸುತ್ತಿಸುತ್ತಾ ಹೋಗಿ. ಸೋಂಕಿನ ವಿರುದ್ಧ ಕಾವಲಿರುವ ಸಣ್ಣ ಗಂಟುಗಳನ್ನು, ಅಂದರೆ ದುಗ್ಧ ಗ್ರಂಥಿಗಳನ್ನು ಹುಡುಕುವ ದಾರಿ ಇದು. ತೆಳ್ಳಗಿರುವವರಿಗೆ ಹೆಸರುಕಾಳಿನಷ್ಟು ಮೆತ್ತನೆಯ, ಜಾರುವ ಒಂದೆರಡು ಸಿಕ್ಕರೆ ಚಿಂತೆ ಇಲ್ಲ. ಗಂಟಲು ನೋವಿನಲ್ಲಿ, ಹಲ್ಲು ಹುಳುಕಾದಾಗ ಊದಿ ನೋಯುತ್ತವೆ, ಆಮೇಲೆ ಇಳಿಯುತ್ತವೆ. ನೋವಿಲ್ಲದೆ, ಗಟ್ಟಿಯಾಗಿ, ಜಾರದೆ, ಎರಡು ಮೂರು ವಾರವಾದರೂ ಇಳಿಯದ ಗಂಟು ಬೇರೆ ಮಾತು. ನೋವಿಲ್ಲ ಎಂದೇ ಜನ ಅದನ್ನು ಮುಂದೂಡುತ್ತಾರೆ. ಮುಂದೂಡಬಾರದು. ಕೊರಳೆಲುಬಿನ ಮೇಲೆ ಸಿಕ್ಕ ಗಂಟನ್ನಂತೂ ಯಾವ ಗಾತ್ರದ್ದೇ ಇರಲಿ ತೋರಿಸಲೇಬೇಕು.

ಹೆಜ್ಜೆ 7: ಹಿಂಗತ್ತು

ತಲೆ ಮುಂದಕ್ಕೆ ಬಾಗಿಸಿ ಕತ್ತಿನ ಬುಡ ಮುಟ್ಟಿ. ಎಲ್ಲಕ್ಕಿಂತ ಎದ್ದು ಕಾಣುವ ಮೂಳೆ ಸಾಮಾನ್ಯವಾಗಿ ಕತ್ತಿನ ಏಳನೇ ಮಣಿ. ಕತ್ತಿನಲ್ಲಿ ಇರುವುದೇ ಏಳು ಮಣಿ. ಜಿರಾಫೆಗೂ ಏಳೇ, ಒಂದೊಂದೂ ಉದ್ದ ಅಷ್ಟೇ. ಸುಮಾರು ಐದು ಕೆಜಿ ತಲೆಯನ್ನು ಇವು ಹೊತ್ತಿವೆ.

ಹೌದು ಎಂದು ತಲೆ ಆಡಿಸಿ. ಆ ಚಲನೆ ಹೆಚ್ಚಾಗಿ ತಲೆಬುರುಡೆ ಮತ್ತು ಮೊದಲನೇ ಮಣಿಯ ನಡುವಿನದು. ಇಲ್ಲ ಎಂದು ಆಡಿಸಿ. ಅದು ಮೊದಲನೆಯದು ಎರಡನೆಯದರ ಗೂಟದ ಸುತ್ತ ತಿರುಗಿದ್ದು. ಇನ್ನು ಹೌದೂ ಅಲ್ಲದ ಇಲ್ಲವೂ ಅಲ್ಲದ ನಮ್ಮವರ ಆ ಮೂರನೇ ತಲೆಯಾಟ ಇದೆಯಲ್ಲ, ಅದಕ್ಕೆ ಕೆಳಗಿನ ಮಣಿಗಳೂ ಪಕ್ಕಕ್ಕೆ ಬಾಗಿ ಕೈಜೋಡಿಸಬೇಕು.

ಮೇಲಿನ ಆರು ಮಣಿಗಳ ಪಕ್ಕದ ತೂತುಗಳಲ್ಲಿ ದಾರ ಪೋಣಿಸಿದಂತೆ ಮಿದುಳಿನ ಹಿಂಭಾಗಕ್ಕೆ ಹೋಗುವ ರಕ್ತನಾಳವಿದೆ, ಎರಡೂ ಕಡೆ ಒಂದೊಂದು. ಕಟಿಂಗ್ ಶಾಪಿನಲ್ಲಿ ಹೇರ್‌ಕಟ್ ಮುಗಿದ ಮೇಲೆ ಗದ್ದ ಹಿಡಿದು ಲಟಕ್ ಎಂದು ನೆಟಿಕೆ ತೆಗೆಯುತ್ತಾರಲ್ಲ, ಆ ಹೊತ್ತಿಗೆ ತಿರುಚುವುದು ಈ ನಾಳವನ್ನೂ. ಅಪರೂಪಕ್ಕಾದರೂ ಅದರ ಒಳಪದರ ಹರಿದು ಪಾರ್ಶ್ವವಾಯು ಆದದ್ದಿದೆ. ನಾನಂತೂ ಕುರ್ಚಿಯಲ್ಲಿ ಕೂರುವ ಮೊದಲೇ "ಕತ್ತು ಮುಟ್ಟಬೇಡಿ ಅಣ್ಣ" ಎಂದು ಹೇಳಿಬಿಡುತ್ತೇನೆ.

ಕೊನೆಯ ಹೆಜ್ಜೆ: ಬರೆದು ನೋಡಿ

ಈಗ ಪುಸ್ತಕದ ಚಿತ್ರ ತೆಗೆಯಿರಿ. ಅದೇ ಗೋಜಲು ಈಗ ಅಷ್ಟು ಗೋಜಲಾಗಿ ಕಾಣಬಾರದು. ಮನೆಯಲ್ಲಿ ಯಾರನ್ನಾದರೂ ಪುಸಲಾಯಿಸಿ ಕೂರಿಸಿ, ಐಬ್ರೋ ಪೆನ್ಸಿಲಿನಿಂದ ಅವರ ಕತ್ತಿನ ಮೇಲೆ ಹಯಾಯ್ಡ್, ಕಂಠಮಣಿ, ತಗ್ಗು, ಬಳೆ, ಥೈರಾಯ್ಡ್ ರೆಕ್ಕೆ, ಪಕ್ಕದ ಹಗ್ಗ ಎಲ್ಲ ಬರೆಯಿರಿ. ಬರೆದ ಮೇಲೆ ಒಂದು ಗುಟುಕು ನೀರು ಕುಡಿಸಿ. ಪಕ್ಕದ ಹಗ್ಗ ಅಲ್ಲೇ ನಿಂತು, ನಡುಗೆರೆಯ ಗುರುತುಗಳ ಅಡಿಯಿಂದ ಕಂಠಮಣಿ ಜಾರಿ ಮೇಲೆ ಹೋಗಿ ಬಂದರೆ ಜಾಗ ಸರಿಯಾಗಿದೆ. ಗುರುತು ಅಳಿಸಲು ಸ್ವಲ್ಪ ಕೊಬ್ಬರಿ ಎಣ್ಣೆ ಸಾಕು.